ಬೂದಿ ಮಣ್ಣಿನ ಬಿಳಿ ವೈನ್‌ಗೆ ನೀರಿನ ಬರ: ಸ್ಯಾಂಟೊರಿನಿಯ ಅಸಿರ್ಟಿಕೊ ಉಳಿದೀತೇ?

ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪವೆಂದರೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಸುಣ್ಣ ಬಳಿದ ಮನೆಗಳು, ನೀಲಿ ಗುಮ್ಮಟಗಳು ಮತ್ತು ಮಧುಚಂದ್ರದ ಪ್ರವಾಸದ ಜಾಹೀರಾತುಗಳು. 2025ರ ಫೆಬ್ರವರಿಯಲ್ಲಿ ಮಾತ್ರ ಈ ದ್ವೀಪ ಬೇರೆಯೇ ಕಾರಣಕ್ಕೆ ಜಗತ್ತಿನ ಗಮನ ಸೆಳೆಯಿತು. ದಿನಗಟ್ಟಲೆ ಬಿಡದೆ ಕಂಪಿಸಿದ ಭೂಮಿಗೆ ಹೆದರಿ 11 ಸಾವಿರಕ್ಕೂ ಹೆಚ್ಚು ಮಂದಿ ಹಡಗು, ವಿಮಾನಗಳನ್ನು ಏರಿ ದ್ವೀಪ ತೊರೆದರು. ಸರ್ಕಾರ ತುರ್ತು ಪರಿಸ್ಥಿತಿಯನ್ನು ಘೋಷಿಸಿತು. ಸಮುದ್ರತಳದ ಕೆಳಗೆ ಶಿಲಾರಸ ಚಲಿಸಿದ್ದೇ ಈ ಕಂಪನಗಳಿಗೆ ಕಾರಣವೆಂದು ವಿಜ್ಞಾನಿಗಳು ಆಮೇಲೆ ವಿವರಿಸಿದರು. ಭೂಮಿ ಶಾಂತವಾಯಿತು, ಜನ ಮರಳಿದರು, ಪ್ರವಾಸಿಗರೂ ಮರಳಿದರು.

ಆದರೆ ಇದೇ ದ್ವೀಪದಲ್ಲಿ ಸದ್ದಿಲ್ಲದೆ ನಡೆಯುತ್ತಿರುವ ಇನ್ನೊಂದು ಕುಸಿತವಿದೆ. ಅದಕ್ಕೆ ಭೂಕಂಪಮಾಪಕಗಳ ಸಾಕ್ಷ್ಯ ಬೇಕಿಲ್ಲ. ಪ್ರತಿ ಆಗಸ್ಟ್‌ನಲ್ಲಿ ದ್ರಾಕ್ಷಿ ತೂಗುವ ತಕ್ಕಡಿಯೇ ಅದನ್ನು ಹೇಳುತ್ತಿದೆ. ಸ್ಯಾಂಟೊರಿನಿಯ ಹೆಮ್ಮೆಯ ಬಿಳಿ ದ್ರಾಕ್ಷಿ ತಳಿ ಅಸಿರ್ಟಿಕೊದ ಇಳುವರಿ 2023ರಲ್ಲಿ ತೀವ್ರವಾಗಿ ಕುಸಿಯಿತು. 2024ರಲ್ಲಿಯೂ ಅದೇ ಕಥೆ. ದ್ರಾಕ್ಷಿಯ ಬೆಲೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿದೆ. ಬೆಲೆ ಏರಿದರೆ ಬೆಳೆ ಹೆಚ್ಚಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಇಲ್ಲಿ ಬೆಲೆ ಏರುತ್ತಲೇ ತೋಟಗಳು ಕುಗ್ಗುತ್ತಿವೆ. ಏಕೆ?

ಮದ್ಯದ ಗುಣಗಾನ ಈ ಬರಹದ ಉದ್ದೇಶವಲ್ಲ. ಒಂದು ಊರಿನ ಮಣ್ಣು, ಗಾಳಿ ಮತ್ತು ಅಡುಗೆಗೆ ಅಂಟಿಕೊಂಡು ಬೆಳೆದ ಬೆಳೆಯೊಂದು ಅದೇ ಊರಿನ ಏಳಿಗೆಯ ಭಾರಕ್ಕೆ ಹೇಗೆ ಬಾಗುತ್ತದೆ ಎಂಬುದನ್ನು ಅರಿಯಲು ಅಸಿರ್ಟಿಕೊ ಉತ್ತಮ ನಿದರ್ಶನ.

ಬೂದಿಯೊಳಗಿನ ಬೇರು

ಏಜಿಯನ್ ಸಮುದ್ರದ ಸೈಕ್ಲಡೀಸ್ ದ್ವೀಪಸಮೂಹಕ್ಕೆ ಸೇರಿದ ಸ್ಯಾಂಟೊರಿನಿಯ ಅಧಿಕೃತ ಹೆಸರು ಥೀರಾ. ವಿಸ್ತೀರ್ಣ ಸುಮಾರು 76 ಚದರ ಕಿಲೋಮೀಟರ್. ಇಂದಿಗೆ ಸುಮಾರು 3,600 ವರ್ಷಗಳ ಹಿಂದೆ ಇಲ್ಲಿ ಸಂಭವಿಸಿದ ಜ್ವಾಲಾಮುಖಿ ಸ್ಫೋಟ ಮಾನವ ಇತಿಹಾಸದ ಅತಿ ಭೀಕರ ಸ್ಫೋಟಗಳಲ್ಲೊಂದು. ದ್ವೀಪದ ನಡುಭಾಗ ಕುಸಿದು ಸಮುದ್ರದ ಪಾಲಾಯಿತು. ಉಳಿದ ಭಾಗದ ಮೇಲೆ ಬೂದಿ ಮತ್ತು ಹಗುರ ಕಲ್ಲಿನ ದಪ್ಪ ಪದರ ಹರಡಿತು. ಆ ಬೂದಿಯ ಅಡಿಯಲ್ಲಿ ಹೂತುಹೋಗಿದ್ದ ಅಕ್ರೋಟಿರಿ ಪಟ್ಟಣವನ್ನು ಪುರಾತತ್ತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ 1967ರಿಂದ ಅಗೆದು ಹೊರತೆಗೆಯಲಾರಂಭಿಸಿದರು. ಅಲ್ಲಿ ದ್ರಾಕ್ಷಿಯ ಕುರುಹುಗಳೂ ದೊರೆತವು. ಅಂದರೆ ಸ್ಫೋಟಕ್ಕೂ ಮುನ್ನವೇ ಈ ನೆಲಕ್ಕೆ ದ್ರಾಕ್ಷಿಯ ನಂಟಿತ್ತು.

ಬೂದಿಯ ಮಣ್ಣು ಶಾಪವೂ ಹೌದು, ವರವೂ ಹೌದು. ಅದರಲ್ಲಿ ಸಾವಯವ ಅಂಶ ಅತ್ಯಲ್ಪ. ಜೇಡಿಯ ಅಂಶ ಇಲ್ಲವೆಂಬಷ್ಟು ಕಡಿಮೆ. ಆದರೆ ಜೇಡಿ ಇಲ್ಲದಿರುವುದೇ ಒಮ್ಮೆ ಈ ಬಳ್ಳಿಗಳನ್ನು ಕಾಪಾಡಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಅಮೆರಿಕದಿಂದ ಯುರೋಪಿಗೆ ಬಂದ ಫೈಲೋಕ್ಸೆರಾ ಎಂಬ ಬೇರುಹೇನು ಅಲ್ಲಿನ ದ್ರಾಕ್ಷಿ ತೋಟಗಳನ್ನು ಬಹುಮಟ್ಟಿಗೆ ನಾಶಮಾಡಿತು. ಅಂದಿನಿಂದ ಯುರೋಪಿನ ಬಹುಪಾಲು ಬಳ್ಳಿಗಳು ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿಸಿಕೊಂಡು ಬದುಕುತ್ತಿವೆ. ಸ್ಯಾಂಟೊರಿನಿಯ ಸಡಿಲ ಬೂದಿ ಮಣ್ಣಿನಲ್ಲಿ ಆ ಹೇನು ನೆಲೆಯೂರಲು ಸಾಧ್ಯವಾಗಲಿಲ್ಲ. ಹೀಗಾಗಿ ಇಲ್ಲಿನ ಬಳ್ಳಿಗಳು ಇಂದಿಗೂ ಸ್ವಂತ ಬೇರಿನ ಮೇಲೆಯೇ ನಿಂತಿವೆ. ಬಳ್ಳಿಗೆ ವಯಸ್ಸಾಗಿ ಫಸಲು ಕುಂದಿದಾಗ ಕಾಂಡವನ್ನು ಬುಡದಲ್ಲಿ ಕತ್ತರಿಸುತ್ತಾರೆ. ಹಳೆಯ ಬೇರಿನಿಂದಲೇ ಹೊಸ ಚಿಗುರು ಬರುತ್ತದೆ. ಮೇಲಿನ ಕಾಂಡ ಕೆಲವು ದಶಕಗಳದ್ದಾದರೂ ಕೆಳಗಿನ ಬೇರು ಶತಮಾನಗಳಷ್ಟು ಹಳೆಯದಾಗಿರುವುದುಂಟು.

ಇಲ್ಲಿನ ಬೇಸಾಯ ಪದ್ಧತಿಯೂ ವಿಶಿಷ್ಟ. ಬೇಸಗೆಯಲ್ಲಿ ಏಜಿಯನ್ ಮೇಲೆ ಬೀಸುವ ಮೆಲ್ಟೆಮಿ ಎಂಬ ಬಿರುಗಾಳಿ, ಸುಡುವ ಬಿಸಿಲು ಮತ್ತು ಗಾಳಿಯೊಡನೆ ಹಾರುವ ಮರಳಿನ ನಡುವೆ ಚಪ್ಪರದ ಬಳ್ಳಿ ಉಳಿಯಲಾರದು. ಆದ್ದರಿಂದ ರೈತರು ಬಳ್ಳಿಯನ್ನು ವರ್ಷದಿಂದ ವರ್ಷಕ್ಕೆ ಸುತ್ತುತ್ತಾ ನೆಲದ ಮೇಲೆಯೇ ಬುಟ್ಟಿಯ ಆಕಾರಕ್ಕೆ ಹೆಣೆಯುತ್ತಾರೆ. ಇದಕ್ಕೆ ಕುಲೂರಾ ಎಂದು ಹೆಸರು. ಗೊಂಚಲುಗಳು ಈ ಬುಟ್ಟಿಯ ಒಳಗೆ, ಎಲೆಗಳ ನೆರಳಿನಲ್ಲಿ ಬೆಳೆಯುತ್ತವೆ. ನೀರಾವರಿ ಇಲ್ಲದೆ ಮಾಡುತ್ತ ಬಂದ ಬೇಸಾಯ ಇದು. ದ್ವೀಪದಲ್ಲಿ ನದಿಯಿಲ್ಲ. ವಾರ್ಷಿಕ ಮಳೆ 400 ಮಿಲಿಮೀಟರಿಗಿಂತ ಕಡಿಮೆ. ಅದೂ ಹೆಚ್ಚಾಗಿ ಚಳಿಗಾಲದಲ್ಲಿ. ನಮ್ಮ ರಾಜ್ಯದ ಒಣ ತಾಲ್ಲೂಕೆಂದು ಹೆಸರಾದ ಚಳ್ಳಕೆರೆಯ ವಾಡಿಕೆ ಮಳೆಯೂ ಇದಕ್ಕಿಂತ ಹೆಚ್ಚೆಂದರೆ ಅಲ್ಲಿನ ಪರಿಸ್ಥಿತಿ ಅರ್ಥವಾದೀತು. ರಾತ್ರಿ ಸಮುದ್ರದ ಕಡೆಯಿಂದ ಬರುವ ಮಂಜು ಮತ್ತು ಇಬ್ಬನಿಯನ್ನು ರಂಧ್ರಮಯ ಹಗುರ ಕಲ್ಲು ಹೀರಿಕೊಂಡು ಹಗಲಿನಲ್ಲಿ ಬೇರಿಗೆ ಉಣಿಸುತ್ತದೆ. ಬಳ್ಳಿಗಳು ಇಷ್ಟು ಕಾಲ ಬದುಕಿದ್ದು ಚಳಿಗಾಲದ ಮಳೆ ಮತ್ತು ಈ ಇಬ್ಬನಿಯ ಆಸರೆಯಲ್ಲಿ.

ನಾಲಿಗೆಯ ಮೇಲೆ ನಿಂಬೆ ಮತ್ತು ಉಪ್ಪು

ಬಿಸಿಲ ನಾಡಿನ ದ್ರಾಕ್ಷಿಗೆ ಒಂದು ಸಾಮಾನ್ಯ ದೋಷವಿದೆ. ಹಣ್ಣು ಮಾಗಿದಂತೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಪರಿಣಾಮವಾಗಿ ವೈನ್ ಮಂದವಾಗಿ, ಭಾರವಾಗಿ ಪರಿಣಮಿಸುತ್ತದೆ. ಅಸಿರ್ಟಿಕೊ ಈ ನಿಯಮಕ್ಕೆ ಅಪವಾದ. ಸಕ್ಕರೆ ತುಂಬಿದ ಮೇಲೂ ಅದು ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಮಣ್ಣಿನಲ್ಲಿ ಪೊಟ್ಯಾಷಿಯಂ ಕಡಿಮೆ ಇರುವುದೂ ಇದಕ್ಕೆ ಒಂದು ಕಾರಣವೆನ್ನಲಾಗುತ್ತದೆ. ಹೀಗಾಗಿ ಸ್ಯಾಂಟೊರಿನಿಯ ಒಣ ಬಿಳಿ ವೈನ್‌ನಲ್ಲಿ ಶೇ. 13ರಿಂದ 14ರಷ್ಟು ಅಥವಾ ಅದಕ್ಕೂ ತುಸು ಹೆಚ್ಚು ಆಲ್ಕೋಹಾಲ್ ಇದ್ದರೂ, ನಾಲಿಗೆಗೆ ಅದು ಚುರುಕಾಗಿ, ತಿಳಿಯಾಗಿ ತಾಗುತ್ತದೆ. ನಿಂಬೆಯ ಸಿಪ್ಪೆಯ ಪರಿಮಳ, ಒದ್ದೆ ಕಲ್ಲಿನ ವಾಸನೆ, ಕೊನೆಯಲ್ಲಿ ಉಪ್ಪಿನ ಛಾಯೆ ಇದರ ಲಕ್ಷಣಗಳೆಂದು ಬಲ್ಲವರು ಹೇಳುತ್ತಾರೆ. ಹಾಗೆಂದು ಮಣ್ಣಿನ ಖನಿಜಗಳೇ ಬೇರಿನ ಮೂಲಕ ಏರಿ ನೇರವಾಗಿ ರುಚಿಯಾಗುತ್ತವೆ ಎಂಬ ಪ್ರಚಾರಕ್ಕೆ ವಿಜ್ಞಾನದ ಆಧಾರವಿಲ್ಲ. ಹುಳಿ, ಕಡಿಮೆ ಇಳುವರಿ ಮತ್ತು ಕಡಲ ಗಾಳಿ ಸೇರಿ ಆ ಅನುಭವ ಮೂಡಿಸುತ್ತವೆ ಎನ್ನುವುದಷ್ಟೇ ಸಮಂಜಸ.

ಸ್ಯಾಂಟೊರಿನಿ ಎಂಬ ಹೆಸರಿಗೆ 1971ರಲ್ಲಿಯೇ ಭೌಗೋಳಿಕ ಮೂಲದ ರಕ್ಷಣೆ ದೊರೆಯಿತು. ದ್ವೀಪದಲ್ಲಿ ಬೆಳೆದ ದ್ರಾಕ್ಷಿಯಿಂದ, ಅಸಿರ್ಟಿಕೊ ಪ್ರಧಾನವಾಗಿರುವಂತೆ, ಅಥಿರಿ ಮತ್ತು ಐದಾನಿ ಎಂಬ ಸ್ಥಳೀಯ ತಳಿಗಳನ್ನು ಮಾತ್ರ ಬೆರೆಸಿ ಮಾಡಿದ ಬಿಳಿ ವೈನ್‌ಗೆ ಈ ಹೆಸರು ಸಲ್ಲುತ್ತದೆ. ದ್ರಾಕ್ಷಿಯನ್ನು ಬಿಸಿಲಿನಲ್ಲಿ ಒಣಗಿಸಿ ತಯಾರಿಸುವ, ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ ಇರಿಸುವ ವಿನ್‌ಸ್ಯಾಂಟೊ ಎಂಬ ಸಿಹಿ ವೈನ್ ಕೂಡ ಈ ದ್ವೀಪದ್ದೇ. ಒಂದು ಕಾಲಕ್ಕೆ ಅದು ಹಡಗುಗಳಲ್ಲಿ ರಷ್ಯದವರೆಗೆ ಸಾಗುತ್ತಿತ್ತು.

ಒಣ ಅಸಿರ್ಟಿಕೊದ ಜೊತೆ ಯಾವ ಆಹಾರ ಹೊಂದುತ್ತದೆ? ದ್ವೀಪದ ಅಡುಗೆಮನೆಯೇ ಇದಕ್ಕೆ ಉತ್ತರ ಕೊಡುತ್ತದೆ. ನೀರಿಲ್ಲದೆ ಬೆಳೆಯುವ ಪುಟ್ಟ ಟೊಮೆಟೊವನ್ನು ಕತ್ತರಿಸಿ, ಪುದೀನ ಮತ್ತು ಹಿಟ್ಟು ಬೆರೆಸಿ ಎಣ್ಣೆಯಲ್ಲಿ ಕರಿದ ಟೊಮಾಟೊಕೆಫ್ತೆದೆಸ್ ಅಲ್ಲಿನ ಜನಪ್ರಿಯ ತಿನಿಸು. ಟೊಮೆಟೊದ ಹುಳಿಯ ಮುಂದೆ ಮೆದು ವೈನ್‌ಗಳು ಸಪ್ಪೆಯಾಗುತ್ತವೆ. ಅಸಿರ್ಟಿಕೊ ಸರಿಸಮವಾಗಿ ನಿಲ್ಲುತ್ತದೆ. ಫಾವಾ ಎಂಬುದು ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಆಲಿವ್ ಎಣ್ಣೆ, ಈರುಳ್ಳಿ, ಕೇಪರ್ ಮೊಗ್ಗು ಹಾಕಿ ಬಡಿಸುವ ಖಾದ್ಯ. ನಮ್ಮ ಗಟ್ಟಿ ತೊವ್ವೆಯ ದೂರದ ನೆಂಟ ಎನ್ನಬಹುದು. ಆ ಬೇಳೆ ಸಸ್ಯಶಾಸ್ತ್ರದ ಪ್ರಕಾರ ನಮ್ಮ ಕೇಸರಿ ಬೇಳೆಯ ಕುಲಕ್ಕೇ ಸೇರಿದ್ದು ಎಂಬುದು ಸ್ವಾರಸ್ಯಕರ. ಕೆಂಡದ ಮೇಲೆ ಸುಟ್ಟ ಆಕ್ಟೋಪಸ್, ನಿಂಬೆರಸ ಹಿಂಡಿದ ಮೀನು, ಮೇಕೆ ಹಾಲಿನ ತಾಜಾ ಗಿಣ್ಣು, ಬಿಳಿ ಬದನೆಕಾಯಿ ಇವೆಲ್ಲ ಇದರ ಸಂಗಾತಿಗಳು. ಸೂತ್ರ ಸರಳ: ಎಣ್ಣೆಯ ಜಿಡ್ಡನ್ನು ಹುಳಿ ತೊಳೆಯುತ್ತದೆ, ಉಪ್ಪು ಹುಳಿಯನ್ನು ಹದಗೊಳಿಸುತ್ತದೆ.

ಇದೇ ಸೂತ್ರವನ್ನು ನಮ್ಮ ಊಟಕ್ಕೂ ಅನ್ವಯಿಸಬಹುದು. ಕರಾವಳಿಯ ರವೆ ಹಚ್ಚಿ ಹುರಿದ ಅಂಜಲ್ ಅಥವಾ ಕಾಣೆ ಮೀನಿಗೆ ಇಂಥ ವೈನ್ ಹೊಂದುತ್ತದೆ. ಆದರೆ ಹುಣಸೆ, ಬ್ಯಾಡಗಿ ಮೆಣಸು ಸಮೃದ್ಧವಾಗಿರುವ ಗಸಿಯ ಜೊತೆಗಲ್ಲ. ಆಲ್ಕೋಹಾಲ್ ಖಾರದ ಉರಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹುಳಿಯ ಮೇಲೆ ಹುಳಿ ಬಿದ್ದು ಎರಡರ ರುಚಿಯೂ ಕೆಡುತ್ತದೆ. ಹಿಮದಂತೆ ತಣ್ಣಗೆ ಮಾಡುವುದೂ ತಪ್ಪು. 10ರಿಂದ 12 ಡಿಗ್ರಿ ಸೆಲ್ಸಿಯಸ್ ಸಾಕು; ಅದಕ್ಕಿಂತ ತಣ್ಣಗಾದರೆ ಪರಿಮಳ ಮುದುಡುತ್ತದೆ.

ಕುಸಿತಕ್ಕೆ ಮೂರು ಕಾರಣ

ಮೊದಲನೆಯದು ಹವಾಮಾನ. ಚಳಿಗಾಲದ ಮಳೆ ಕೈಕೊಟ್ಟರೆ ಬಳ್ಳಿಗೆ ಆಧಾರವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಒಣ ಚಳಿಗಾಲ ಮತ್ತು ಬಿಸಿಗಾಳಿಯ ಬೇಸಗೆಗಳು ಒಂದರ ಹಿಂದೊಂದು ಬಂದವು. ಒಂದು ವರ್ಷದ ಬರವನ್ನು ಹಳೆಯ ಬೇರು ತಾಳಿಕೊಳ್ಳಬಲ್ಲದು. ಸತತ ಬರ ಬಿದ್ದಾಗ ಅದು ಹಣ್ಣು ಬಿಟ್ಟು ಜೀವ ಉಳಿಸಿಕೊಳ್ಳುತ್ತದೆ. ಕೆಲವು ಬಳ್ಳಿಗಳು ಒಣಗಿಯೇ ಹೋಗುತ್ತವೆ. ಸಾವಿರಾರು ವರ್ಷಗಳ ಅನುಭವದಿಂದ ರೂಪುಗೊಂಡ ಕುಲೂರಾ ಪದ್ಧತಿ ಗಾಳಿಯನ್ನು ತಡೆಯಬಲ್ಲದೇ ಹೊರತು ಬಾರದ ಮಳೆಯನ್ನು ತರಲಾರದು.

ಎರಡನೆಯದು ನೆಲದ ಬೆಲೆ. 2023ರಲ್ಲಿ ಸುಮಾರು 34 ಲಕ್ಷ ಪ್ರವಾಸಿಗರು ಈ ದ್ವೀಪಕ್ಕೆ ಬಂದರು. ಇಲ್ಲಿನ ಕಾಯಂ ನಿವಾಸಿಗಳ ಸಂಖ್ಯೆ ಸುಮಾರು 15,500. ಅಂದರೆ ಪ್ರತಿ ನಿವಾಸಿಗೆ ಸುಮಾರು 220 ಅತಿಥಿಗಳು! ಆ ಒಂದೇ ವರ್ಷ ಸುಮಾರು 800 ವಿಹಾರ ನೌಕೆಗಳು 13 ಲಕ್ಷ ಜನರನ್ನು ತಂದಿಳಿಸಿದವು. ಹೋಟೆಲು, ವಿಲ್ಲಾ, ಬಾಡಿಗೆ ಮನೆಗಳಿಗೆ ಜಾಗ ಬೇಕಾದಾಗ ಮೊದಲು ಕಣ್ಣು ಬೀಳುವುದು ದ್ರಾಕ್ಷಿ ತೋಟದ ಮೇಲೆ. ಇಂದು ಉಳಿದಿರುವ ತೋಟಗಳ ವಿಸ್ತೀರ್ಣ ಸಾವಿರ ಹೆಕ್ಟೇರಿನ ಆಸುಪಾಸಿನಲ್ಲಿದ್ದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದ್ದುದರ ಒಂದು ಪಾಲು ಮಾತ್ರ. ಈ ಕುಸಿತಕ್ಕೆ ಪ್ರವಾಸೋದ್ಯಮವೊಂದೇ ಹೊಣೆಯಲ್ಲ ಎಂಬುದನ್ನೂ ಹೇಳಬೇಕು. 1956ರ ಜುಲೈ 9ರಂದು ಸಂಭವಿಸಿದ ಭಾರೀ ಭೂಕಂಪದಲ್ಲಿ 50ಕ್ಕೂ ಹೆಚ್ಚು ಮಂದಿ ಸತ್ತು, ಮನೆಗಳು ನೆಲಸಮವಾದಾಗ ಜನ ಗುಂಪುಗುಂಪಾಗಿ ವಲಸೆ ಹೋದರು. ಅನೇಕ ತೋಟಗಳು ಅಂದೇ ಪಾಳು ಬಿದ್ದಿದ್ದವು.

ಮೂರನೆಯದು ಕೈಗಳ ಕೊರತೆ. ಬುಟ್ಟಿ ಹೆಣೆಯುವ ಕೆಲಸಕ್ಕೆ ಯಂತ್ರವಿಲ್ಲ. ಯಾವ ಕುಡಿಯನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು, ಯಾವುದನ್ನು ಮುರಿಯದಂತೆ ಬಾಗಿಸಬೇಕು ಎಂಬುದು ಅನುಭವದಿಂದ ಬರುವ ವಿದ್ಯೆ. ಕೊಯ್ಲಿನ ಸಮಯದಲ್ಲಿ ಆಗಸ್ಟ್ ಬಿಸಿಲಿನಲ್ಲಿ ನೆಲಕ್ಕೆ ಬಗ್ಗಿ ಬುಟ್ಟಿಯೊಳಗೆ ಕೈ ಹಾಕಬೇಕು. ಅದೇ ಆಗಸ್ಟ್ ಪ್ರವಾಸದ ಸುಗ್ಗಿಯೂ ಹೌದು. ಹೋಟೆಲಿನ ನೆರಳಿನಲ್ಲಿ ಹೆಚ್ಚು ಸಂಬಳ ದೊರೆಯುವಾಗ ಯುವಕರು ತೋಟಕ್ಕೆ ಏಕೆ ಬಂದಾರು? ಬಲ್ಲವರು ಮುದುಕರಾಗುತ್ತಿದ್ದಾರೆ; ಕಲಿಯುವವರು ಕಡಿಮೆ.

ಈ ಮೂರೂ ಸೇರಿದಾಗ ಆರಂಭದ ಒಗಟಿಗೆ ಉತ್ತರ ಸಿಗುತ್ತದೆ. ಕಿಲೋಗೆ ಬೆಲೆ ಎಷ್ಟೇ ಏರಿದರೂ, ತೂಗಲು ದ್ರಾಕ್ಷಿಯೇ ಇಲ್ಲದಿದ್ದರೆ ರೈತನ ಒಟ್ಟು ಆದಾಯ ಏರುವುದಿಲ್ಲ. ತೋಟವನ್ನು ಮಾರಿದರೆ ಬರುವ ಹಣ ಹಲವು ವರ್ಷಗಳ ಸುಗ್ಗಿಯನ್ನು ಮೀರಿಸುತ್ತದೆ. ಇತ್ತ ವೈನ್ ತಯಾರಕರು ದುಬಾರಿ ದ್ರಾಕ್ಷಿ ಕೊಂಡು ಬಾಟಲಿಯ ಬೆಲೆ ಏರಿಸಬೇಕಾಗುತ್ತದೆ. ಒಂದು ಮಿತಿ ದಾಟಿದ ಮೇಲೆ ಕೊಳ್ಳುವವನು ಬೇರೆ ನಾಡಿನ ವೈನ್ ಹುಡುಕುತ್ತಾನೆ.

ಪ್ರವಾಸಿ ಶತ್ರುವೇ?

ಸಮಸ್ಯೆಯನ್ನು ‘ತೋಟ ವಿರುದ್ಧ ಹೋಟೆಲು’ ಎಂದು ಸರಳಗೊಳಿಸುವುದು ಸುಲಭ. ಆದರೆ ವಾಸ್ತವ ಅಷ್ಟು ಸರಳವಲ್ಲ. ಪ್ರವಾಸಿಗರಿಲ್ಲದೆ ಹೋಗಿದ್ದರೆ ಅಸಿರ್ಟಿಕೊ ಇಂದಿನ ಖ್ಯಾತಿ ಗಳಿಸುತ್ತಿತ್ತೇ? 1947ರಲ್ಲಿ ಸ್ಥಾಪನೆಯಾದ ರೈತರ ಸಹಕಾರ ಸಂಘ ಸ್ಯಾಂಟೊ ವೈನ್ಸ್, 1980ರ ದಶಕದ ಕೊನೆಗೆ ಆಧುನಿಕ ಘಟಕ ತೆರೆದ ಬೂಟಾರಿ, 1990ರ ದಶಕದಲ್ಲಿ ಬಂದ ಸಿಗಾಲಾಸ್ ಮತ್ತು ಗಾಯಾ ಮೊದಲಾದ ಸಂಸ್ಥೆಗಳು ಗುಣಮಟ್ಟವನ್ನು ಎತ್ತರಿಸಿದವು ನಿಜ. ಆದರೆ ಆ ವೈನನ್ನು ದ್ವೀಪದಲ್ಲೇ ರುಚಿ ನೋಡಿ, ಊರಿಗೆ ಹೋಗಿ ಹೆಸರು ಹರಡಿದವರು ಪ್ರವಾಸಿಗರು.

ಹೀಗೆ ಹೆಸರು ಹರಡಿದ್ದರ ಇನ್ನೊಂದು ಫಲವೂ ಇದೆ. ಆಸ್ಟ್ರೇಲಿಯದ ಕ್ಲೇರ್ ಕಣಿವೆಯ ಜಿಮ್ ಬ್ಯಾರಿ ಸಂಸ್ಥೆಯ ಪೀಟರ್ ಬ್ಯಾರಿ 2006ರಲ್ಲಿ ಸ್ಯಾಂಟೊರಿನಿಯಲ್ಲಿ ಈ ವೈನ್ ಸವಿದು ಮಾರುಹೋದರು. ತಳಿಯನ್ನು ತಮ್ಮ ದೇಶಕ್ಕೆ ಒಯ್ದು ಬೆಳೆಸಿ, 2016ರ ಫಸಲಿನಿಂದ ಮಾರುಕಟ್ಟೆಗೆ ತಂದರು. ಗ್ರೀಸ್‌ನ ಮುಖ್ಯ ಭೂಭಾಗದಲ್ಲಿಯೂ ಅಸಿರ್ಟಿಕೊ ವ್ಯಾಪಕವಾಗಿ ಬೆಳೆಯುತ್ತಿದೆ. ಬಿಸಿಯಲ್ಲೂ ಹುಳಿ ಬಿಡದ ತಳಿ ಬಿಸಿಯೇರುತ್ತಿರುವ ಜಗತ್ತಿಗೆ ಬೇಕಾಗಿದೆ. ಅರ್ಥಾತ್, ಅಸಿರ್ಟಿಕೊ ಎಂಬ ದ್ರಾಕ್ಷಿಗೆ ಅಳಿವಿಲ್ಲ. ಅಪಾಯದಲ್ಲಿರುವುದು ಸ್ಯಾಂಟೊರಿನಿಯ ಅಸಿರ್ಟಿಕೊ. ಆ ಬೇರು, ಆ ಬೂದಿ, ಆ ಬುಟ್ಟಿ. ತಳಿಯನ್ನು ಹಡಗಿನಲ್ಲಿ ಸಾಗಿಸಬಹುದು, ಶತಮಾನಗಳ ಬೇರನ್ನು ಸಾಗಿಸಲಾಗದು.

ಮುಂದಿರುವ ದಾರಿ

ಪರಿಹಾರಗಳ ಚರ್ಚೆ ಆರಂಭವಾಗಿದೆ. ಸಂಸ್ಕರಿಸಿದ ತ್ಯಾಜ್ಯ ನೀರು ಅಥವಾ ಉಪ್ಪು ತೆಗೆದ ಸಮುದ್ರದ ನೀರನ್ನು ಹನಿ ನೀರಾವರಿಯ ಮೂಲಕ ಬಳ್ಳಿಗೆ ಕೊಡಬೇಕೆಂಬುದು ಒಂದು ಸಲಹೆ. ಪ್ರವಾಸಿಗರು ಬಳಸಿದ ನೀರೇ ಶುದ್ಧಗೊಂಡು ತೋಟಕ್ಕೆ ಬಂದರೆ, ಭಾರವೆನಿಸಿದ್ದೇ ಆಸರೆಯೂ ಆದೀತು. ನೀರುಣಿಸಿದರೆ ವೈನ್‌ನ ಗುಣ ಬದಲಾಗುವುದಿಲ್ಲವೇ ಎಂಬ ಆಕ್ಷೇಪವೂ ಇದೆ. ಆದರೆ ಇಳುವರಿ ಹೆಚ್ಚಿಸಲು ನೀರು ಹರಿಸುವುದು ಬೇರೆ, ಸಾಯುವ ಬಳ್ಳಿಗೆ ಗುಟುಕು ನೀರು ಕೊಡುವುದು ಬೇರೆ. ಎರಡನೆಯದನ್ನು ಸಂಪ್ರದಾಯದ ಹೆಸರಿನಲ್ಲಿ ನಿರಾಕರಿಸಿದರೆ ಸಂಪ್ರದಾಯವೇ ಉಳಿಯದು.

ಸಾಲು ಸಾಲಾಗಿ, ತಂತಿಯ ಆಧಾರದಲ್ಲಿ ಹೊಸ ಬಳ್ಳಿ ನೆಡುವುದು ಇನ್ನೊಂದು ಮಾರ್ಗ. ಇದರಲ್ಲಿ ಕೂಲಿ ಉಳಿಯುತ್ತದೆ, ಆದರೆ ಬಿರುಗಾಳಿಯಿಂದ ರಕ್ಷಣೆ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ನೆಲದ ರಕ್ಷಣೆ. ದ್ವೀಪದಲ್ಲಿ ಇನ್ನು ಹೊಸ ವಸತಿಗಳು ಬೇಡವೆಂದು ಮೇಯರ್ ನಿಕೋಸ್ ಜೋರ್ಜೋಸ್ ವರ್ಷಗಳಿಂದ ಒತ್ತಾಯಿಸುತ್ತ ಬಂದಿದ್ದಾರೆ. ವಿಹಾರ ನೌಕೆಗಳ ಪ್ರಯಾಣಿಕರ ಸಂಖ್ಯೆಯನ್ನು 2025ರಿಂದ ದಿನಕ್ಕೆ 8,000ಕ್ಕೆ ಮಿತಿಗೊಳಿಸಲಾಯಿತು. ಅದೇ ವರ್ಷದ ಜುಲೈ 1ರಿಂದ ಸುಗ್ಗಿಯ ತಿಂಗಳುಗಳಲ್ಲಿ ಸ್ಯಾಂಟೊರಿನಿ ಮತ್ತು ಮೈಕೊನೋಸ್ ದ್ವೀಪಗಳಲ್ಲಿ ಇಳಿಯುವ ಪ್ರತಿ ನೌಕಾ ಪ್ರಯಾಣಿಕನಿಗೆ 20 ಯೂರೊ ಶುಲ್ಕ ವಿಧಿಸಲಾಯಿತು. ಇವು ಜನದಟ್ಟಣೆಯನ್ನು ತಗ್ಗಿಸಬಲ್ಲ ಕ್ರಮಗಳೇ ಹೊರತು ತೋಟವನ್ನು ಉಳಿಸುವ ಕ್ರಮಗಳಲ್ಲ. ದ್ರಾಕ್ಷಿ ಬೆಳೆಯುವ ನೆಲದಲ್ಲಿ ಕಟ್ಟಡ ಕೂಡದೆಂಬ ಕಟ್ಟುನಿಟ್ಟಿನ ನಿಯಮ ಮತ್ತು ಬುಟ್ಟಿ ಹೆಣೆಯುವ ರೈತನಿಗೆ ನೇರ ನೆರವು, ಇವೆರಡೂ ಇಲ್ಲದೆ ಉಳಿದುದೆಲ್ಲ ತೇಪೆ ಕೆಲಸವಾದೀತು.

ನಮಗೇನು ಸಂಬಂಧ?

ಭಾರತ ಮತ್ತು ಐರೋಪ್ಯ ಒಕ್ಕೂಟದ ನಡುವಿನ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿದಿದೆಯೆಂದು 2026ರ ಜನವರಿ 27ರಂದು ಪ್ರಕಟವಾಯಿತು. ಆಮದು ವೈನ್ ಮೇಲಿನ ಶೇ. 150ರ ಸುಂಕವನ್ನು ಹಂತ ಹಂತವಾಗಿ ಇಳಿಸಿ, ದುಬಾರಿ ವೈನ್‌ಗಳಿಗೆ ಕೊನೆಗೆ ಶೇ. 20ಕ್ಕೆ ತರುವುದು ಅದರ ಒಂದು ಅಂಶ. ಹಾಗಾದರೆ ಬೆಂಗಳೂರಿನ ಅಂಗಡಿಗಳಲ್ಲಿ ಸ್ಯಾಂಟೊರಿನಿಯ ಬಾಟಲಿ ಅಗ್ಗವಾದೀತೇ? ಹಾಗೆ ಎಣಿಸುವಂತಿಲ್ಲ. ರಾಜ್ಯದ ಅಬಕಾರಿ ಸುಂಕ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ. ಮೇಲಾಗಿ ಸುಂಕ ಇಳಿಕೆಯ ಲಾಭ ಹೆಚ್ಚು ಸರಕು ಇರುವ ಫ್ರಾನ್ಸ್, ಇಟಲಿ, ಸ್ಪೇನ್‌ಗಳಿಗೆ ದೊರೆಯುತ್ತದೆ. ತನ್ನ ಹಳೆಯ ಗ್ರಾಹಕರಿಗೇ ಸಾಲದಷ್ಟು ವೈನ್ ತಯಾರಿಸುವ ದ್ವೀಪಕ್ಕೆ ಹೊಸ ಮಾರುಕಟ್ಟೆ ತೆರೆದು ಆಗುವುದೇನು? ಮಾರುಕಟ್ಟೆಯ ಬಾಗಿಲು ತೆರೆಯಬಹುದು. ಮಳೆಯ ಬಾಗಿಲು ತೆರೆಯಲು ಯಾವ ಒಪ್ಪಂದದಿಂದಲೂ ಆಗದು.

ಕರ್ನಾಟಕ 2007ರಲ್ಲಿಯೇ ದ್ರಾಕ್ಷಾರಸ ನೀತಿ ರೂಪಿಸಿದ ರಾಜ್ಯ. ನಂದಿ ಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳ ತೋಟಗಳಿವೆ. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಬಳಿಕ ಅದೇ ಸೀಮೆಯ ತೋಟಗಳ ಮಗ್ಗುಲಲ್ಲಿ ಬಡಾವಣೆಗಳು ಎದ್ದಿರುವುದನ್ನು ನಗರದ ಓದುಗರಿಗೆ ಹೇಳಬೇಕಿಲ್ಲ. ಭೌಗೋಳಿಕ ಸೂಚಿಕೆ ಹೆಸರನ್ನು ಕಾಯುತ್ತದೆ, ನೆಲವನ್ನು ಕಾಯುವುದಿಲ್ಲ. 1971ರಿಂದ ರಕ್ಷಿತ ಹೆಸರನ್ನು ಹೊಂದಿರುವ ಸ್ಯಾಂಟೊರಿನಿಯ ಇಂದಿನ ಸ್ಥಿತಿ ಇದಕ್ಕೆ ಸಾಕ್ಷಿ.

ಒಂದು ಭೀಕರ ಸ್ಫೋಟದ ಬೂದಿಯಲ್ಲಿ ಬೇರೂರಿ, ಬೇರುಹೇನಿನ ಪಿಡುಗನ್ನು ದಾಟಿ, 1956ರ ವಿನಾಶವನ್ನೂ ಸಹಿಸಿದ ಬಳ್ಳಿಗಳಿವು. ಪ್ರಕೃತಿ ಒಡ್ಡಿದ ಪರೀಕ್ಷೆಗಳನ್ನು ಅವು ಗೆದ್ದಿವೆ. ಈಗಿನ ಪರೀಕ್ಷೆಯಲ್ಲಿ ಮಾತ್ರ ಉತ್ತರ ಬರೆಯಬೇಕಾದವರು ಬಳ್ಳಿಗಳಲ್ಲ. ನೆಲದ ಬಳಕೆಯನ್ನೂ ನೀರಿನ ಹಂಚಿಕೆಯನ್ನೂ ನಿರ್ಧರಿಸುವ ಅಥೆನ್ಸಿನ ಸರ್ಕಾರ ಮತ್ತು ದ್ವೀಪದ ಆಡಳಿತ. ಆ ಉತ್ತರ ತಡವಾದರೆ ಬಾಟಲಿಯ ಮೇಲಿನ ಹೆಸರು ಉಳಿದೀತು, ಒಳಗೆ ತುಂಬಲು ವೈನ್ ಉಳಿಯಲಿಕ್ಕಿಲ್ಲ.